ಗ್ರೈಂಡರಿಗೊಂದು ಶಾಂತಿಹೋಮ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಅಡುಗೆಮನೆಗಳಲ್ಲಿ ಈಗೊಂದು ಹೊಸ ಸಂಸ್ಕಾರ ಶುರುವಾಗಿದೆ. ಗೃಹಪ್ರವೇಶ ಇದ್ದ ಹಾಗೆ ಇದು ಗ್ರೈಂಡರ್ ಪ್ರವೇಶ. ಹದಿನೈದೋ ಇಪ್ಪತ್ತೋ ಸಾವಿರ ಕೊಟ್ಟು, ಕೈಯಲ್ಲಿ ತಿರುಗಿಸೋ ಒಂದು ಕಾಫಿ ಗ್ರೈಂಡರ್ ತರಿಸ್ತೀವಿ. ಡಬ್ಬ ಬಿಚ್ಚಿ, ಫೋಟೋ ತೆಗೆದು, ಅದರ ಭಾರಕ್ಕೆ ಖುಷಿಪಟ್ಟು, ಹಿಡಿಯನ್ನು ಎರಡು ಸಲ ಗಾಳಿಯಲ್ಲೇ ತಿರುಗಿಸಿ ನೋಡ್ತೀವಿ. ಆದರೆ ಅವತ್ತು ಅದರಲ್ಲಿ ಮಾಡಿದ ಕಾಫಿ ಕುಡಿಯೋ ಹಾಗಿಲ್ಲವಂತೆ. ಮೊದಲು ಅದಕ್ಕೆ ಎರಡು-ಮೂರು ಕೆಜಿ ಕಾಫಿಬೀಜ ತಿನ್ನಿಸಬೇಕಂತೆ. ಹೊರಗೆ ಬಂದ ಪುಡಿಯನ್ನು ಕಸದ ಬುಟ್ಟಿಗೆ ಸುರೀಬೇಕಂತೆ. ಆಮೇಲಷ್ಟೇ ಎಸ್‌ಪ್ರೆಸೊ ಸರಿಯಾಗಿ ಇಳಿಯುತ್ತಂತೆ. ಇದಕ್ಕೆ ಸೀಸನಿಂಗ್ ಅಂತ ಹೆಸರು. ನನ್ನ ಪ್ರಕಾರ ಇದು ಗ್ರೈಂಡರಿಗೆ ಮಾಡಿಸೋ ಶಾಂತಿಹೋಮ. ವ್ಯತ್ಯಾಸ ಇಷ್ಟೇ, ಹೋಮದಲ್ಲಿ ಕೊನೆಗೆ ಪ್ರಸಾದವಾದರೂ ಸಿಗುತ್ತೆ.

ತಮಾಷೆ ಪಕ್ಕಕ್ಕಿಡೋಣ. ನನ್ನ ತಕರಾರು ಏನು ಅಂತ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಜಗಳ ಆಡೋಣ. ಹೊಸ ಗ್ರೈಂಡರ್ ಪಳಗುತ್ತದೆ ಅನ್ನೋದು ಸುಳ್ಳಲ್ಲ. ಅದನ್ನು ನಾನೂ ಒಪ್ಪುತ್ತೇನೆ. ನಾನು ಒಪ್ಪದೇ ಇರೋದು, ಅದನ್ನು ಪಳಗಿಸೋಕೆ ಕುಡಿಯಬಹುದಾದ ಕಾಫಿಯನ್ನು ಕಿಲೋಗಟ್ಟಲೆ ಪುಡಿ ಮಾಡಿ ಎಸೀಬೇಕು ಅನ್ನೋ ಮಾತನ್ನು. ಮನೆಯಲ್ಲಿ ದಿನಕ್ಕೆರಡು ಕಪ್ ಕುಡಿಯುವ ಮನುಷ್ಯನಿಗೆ ಇದಕ್ಕಿಂತ ಅವಿವೇಕದ ಸಲಹೆ ಇನ್ನೊಂದಿಲ್ಲ.

ಮೊದಲು ಎದುರು ಪಕ್ಷದ ವಾದವನ್ನು ನ್ಯಾಯವಾಗಿ ಕೇಳೋಣ. ಗ್ರೈಂಡರಿನ ಹೊಟ್ಟೆಯಲ್ಲಿ ಎರಡು ಉಕ್ಕಿನ ತುಂಡುಗಳಿರುತ್ತವೆ. ಹೊರಗೊಂದು ಬಳೆ, ಒಳಗೊಂದು ಶಂಕು. ಎರಡಕ್ಕೂ ಹಲ್ಲು. ಇವಕ್ಕೆ ಬರ್ ಅನ್ನುತ್ತಾರೆ. ಬೀಜ ಈ ಎರಡರ ನಡುವೆ ಸಿಕ್ಕಿ ಮೊದಲು ಒಡೆದು, ಕೆಳಗಿಳಿದಂತೆಲ್ಲ ಸಣ್ಣಗಾಗುತ್ತದೆ. ಕಾರ್ಖಾನೆಯಲ್ಲಿ ಆ ಹಲ್ಲುಗಳನ್ನು ಮಿಷನ್ನಿನಲ್ಲಿ ಕೊರೆದಾಗ ಅಂಚಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಒರಟುತನ ಉಳಿದಿರುತ್ತದೆ. ಬೀಜ ಉಜ್ಜಿ ಉಜ್ಜಿ ಅದು ನಯವಾಗುತ್ತದೆ. ಕಾಫಿಯ ಎಣ್ಣೆಯ ತೆಳು ಪದರವೊಂದು ಉಕ್ಕಿನ ಮೇಲೆ ಕೂರುತ್ತದೆ. ಅದಾದ ಮೇಲೆ ಪುಡಿ ದಿನದಿಂದ ದಿನಕ್ಕೆ ಒಂದೇ ಹದದಲ್ಲಿ ಬರುತ್ತದೆ ಅನ್ನೋದು ಅವರ ವಾದ.

ಇದು ಎಸ್‌ಪ್ರೆಸೊಗೆ ಯಾಕೆ ಮುಖ್ಯ ಅಂದರೆ, ಎಸ್‌ಪ್ರೆಸೊ ಬಹಳ ಮುಂಗೋಪಿ. 18 ಗ್ರಾಂ ಪುಡಿಯನ್ನು ಒತ್ತಿ ಕೂರಿಸಿ, ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ನುಗ್ಗಿಸಿ, 25-30 ಸೆಕೆಂಡಿನಲ್ಲಿ 36 ಗ್ರಾಂ ರಸ ಇಳಿಸಬೇಕು. ಪುಡಿ ಸ್ವಲ್ಪ ದಪ್ಪವಾದರೆ ಹದಿನೈದೇ ಸೆಕೆಂಡಿಗೆ ಸುರಿದುಹೋಗಿ ಹುಳಿ ಹೊಡೆಯುತ್ತದೆ. ಸ್ವಲ್ಪ ಸಣ್ಣಗಾದರೆ ಹನಿ ಹನಿ ತೊಟ್ಟಿಕ್ಕಿ ಕಷಾಯ ಆಗುತ್ತದೆ. ಅದಕ್ಕೇ ಎಸ್‌ಪ್ರೆಸೊಗೆಂದು ಮಾಡಿದ ಕೈ ಗ್ರೈಂಡರುಗಳಲ್ಲಿ ಒಂದು ಕ್ಲಿಕ್ಕಿಗೆ ಎಂಟೋ ಹನ್ನೆರಡೋ ಮೈಕ್ರಾನ್ ಅನ್ನೋ ಲೆಕ್ಕ ಇರುತ್ತದೆ. ಹೊಸ ಬರ್ ಪಳಗುವಾಗ ಇವತ್ತಿನ ಸೆಟ್ಟಿಂಗ್ ಮುಂದಿನ ವಾರಕ್ಕೆ ಹೊಂದದೇ ಹೋಗಬಹುದು. ಅಷ್ಟು ನಿಜ. ಇಲ್ಲಿಯವರೆಗೆ ನಮ್ಮಲ್ಲಿ ಜಗಳವಿಲ್ಲ.

ಜಗಳ ಶುರುವಾಗೋದು ಇದರ ಮುಂದಿನ ಹೆಜ್ಜೆಯಲ್ಲಿ. ಪಳಗೋಕೆ ಮೂರು ಕೆಜಿ ಬೇಕು, ಆದ್ದರಿಂದ ಮೂರು ಕೆಜಿ ಎಸೆಯಿರಿ ಅಂತಾರಲ್ಲ, ಅಲ್ಲಿ. ಮೂರು ಕೆಜಿ ಬೀಜ ಗ್ರೈಂಡರಿನೊಳಗೆ ಹೋಗಬೇಕು ಅನ್ನೋದರಿಂದ ಆ ಮೂರು ಕೆಜಿ ಕಸಕ್ಕೆ ಹೋಗಬೇಕು ಅನ್ನೋದು ಹೇಗೆ ಹುಟ್ಟಿತು? ಉಕ್ಕಿಗೆ ಗೊತ್ತಾಗುತ್ತಾ, ಈ ಪುಡಿ ಕಪ್ಪಿಗೆ ಹೋಯಿತೋ ಬುಟ್ಟಿಗೆ ಹೋಯಿತೋ ಅಂತ?

ಈ ಆಚಾರ ಎಲ್ಲಿಗೆ ಸರಿಹೊಂದುತ್ತೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಕೆಫೆಗೆ. ಅಲ್ಲಿ ಕರೆಂಟಿನಿಂದ ಓಡೋ ದೊಡ್ಡ ಗ್ರೈಂಡರ್, ಅಗಲವಾದ ಬರ್. ಒಂದು ಶಾಟಿಗೆ 18 ಗ್ರಾಂ ಹಿಡಿದರೆ ಮೂರು ಕೆಜಿ ಅಂದರೆ 166 ಶಾಟ್. ಚೆನ್ನಾಗಿ ನಡೆಯೋ ಕೆಫೆಗೆ ಅದು ಒಂದು ದಿನದ ವ್ಯಾಪಾರ. ಗಿರಾಕಿ ದುಡ್ಡು ಕೊಟ್ಟು ನಿಂತಿರುವಾಗ ಬರಿಸ್ತಾ ಇಡೀ ದಿನ ಸೆಟ್ಟಿಂಗ್ ಹುಡುಕುತ್ತಾ ಕೂರೋಕಾಗಲ್ಲ. ಒಂದಿಷ್ಟು ಹಳೇ ಬೀಜ ಬಲಿಕೊಟ್ಟು ಬೆಳಗಾಗುವುದರೊಳಗೆ ಮಿಷನ್ ಸಿದ್ಧ ಮಾಡ್ತಾರೆ. ಅದು ಅವರ ವ್ಯಾಪಾರದ ಲೆಕ್ಕ, ಅವರಿಗೆ ಸರಿ. ದಿನಕ್ಕೆ ಎರಡು ಶಾಟ್ ಇಳಿಸುವ ನನಗೆ ಮೂರು ಕೆಜಿ ಅಂದರೆ 83 ದಿನದ ಕಾಫಿ. ಕೆಫೆಯವನ ಒಂದು ದಿನದ ಖರ್ಚನ್ನು ಉಳಿಸೋ ಉಪಾಯವನ್ನು ತಂದು ನನ್ನ ಮೂರು ತಿಂಗಳ ಕಾಫಿಯನ್ನು ಕಸಕ್ಕೆ ಹಾಕು ಅಂದರೆ ಹೇಗೆ ಸ್ವಾಮಿ? ಲಾರಿ ಡ್ರೈವರ್ ಟೈರಿಗೆ ಹೊಡೆಸಿದಷ್ಟು ಗಾಳಿ ನನ್ನ ಸೈಕಲ್ಲಿಗೂ ಹೊಡೆಸು ಅಂದ ಹಾಗಾಯ್ತು.

ಇನ್ನು ಕೈ ಗ್ರೈಂಡರಿನ ಕಥೆ ಕೇಳಿ. ಅದರಲ್ಲಿ ಒಂದು ಸಲಕ್ಕೆ 25 ಗ್ರಾಂ ಹಿಡಿಸುತ್ತೆ ಅನ್ನಿ. ಮೂರು ಕೆಜಿಗೆ 120 ಸಲ ತುಂಬಬೇಕು. ಎಸ್‌ಪ್ರೆಸೊ ಹದಕ್ಕೆ ಒಂದು ತುಂಬು ಅರೆಯೋಕೆ ಒಂದು ನಿಮಿಷ ಅಂತ ಉದಾರವಾಗಿಯೇ ಹಿಡಿದರೂ ಬರೀ ತಿರುಗಿಸೋದೇ ಎರಡು ಗಂಟೆ. ತುಂಬೋದು, ಬಿಚ್ಚೋದು, ಸುರಿಯೋದು, ಮತ್ತೆ ಹಾಕೋದು ಸೇರಿದರೆ ಒಂದು ಇಡೀ ಮಧ್ಯಾಹ್ನ. ತೆಳುವಾಗಿ ಹುರಿದ ಬೀಜವಾದರಂತೂ ಕಲ್ಲು. ನನ್ನ ಆಫೀಸಿನ ಗೆಳೆಯನೊಬ್ಬ ಎರಡು ದಿನ ಮೌಸ್ ಹಿಡಿಯೋಕಾಗದೆ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದ. 'ಏನೋ ಮಗಾ, ಜಿಮ್ಮಾ?' ಅಂದೆ. 'ಇಲ್ಲ ಗುರು, ಸೀಸನಿಂಗ್' ಅಂದ, ಏನೋ ವ್ರತ ಮುಗಿಸಿದವನ ಗಾಂಭೀರ್ಯದಲ್ಲಿ. ಪುಡಿ ಏನು ಮಾಡ್ದೆ ಅಂದರೆ ಕಪ್ಪು ಕವರಿನಲ್ಲಿ ಕಟ್ಟಿ ಕಸದ ಗಾಡಿಗೆ ಕೊಟ್ಟನಂತೆ. ಅವರಮ್ಮ ಊರಿಂದ ಬಂದಿದ್ದರಂತೆ. 'ಅಯ್ಯೋ, ಅದರಲ್ಲಿ ಒಂದು ಲೋಟ ನಂಗೆ ಕೊಡಬಾರದಿತ್ತೇನೋ' ಅಂದರಂತೆ. ಇಡೀ ಕಥೆಯಲ್ಲಿ ಬುದ್ಧಿ ಇದ್ದ ಮಾತು ಅದೊಂದೇ.

ಕೈನೋವಿಗೆ ಕೆಲವರು ಪರಿಹಾರವನ್ನೂ ಕಂಡುಹಿಡಿದಿದ್ದಾರೆ. ಹಿಡಿ ಕಳಚಿ, ಅಕ್ಷಕ್ಕೆ ಗೋಡೆ ಕೊರೆಯೋ ಡ್ರಿಲ್ ಸಿಕ್ಕಿಸಿ ಗರಗರ ತಿರುಗಿಸೋದು. ಮನುಷ್ಯನ ಕೈ ತಿರುಗಿಸೋ ವೇಗಕ್ಕೆ ಅಂತ ಮಾಡಿದ ಬೇರಿಂಗಿಗೆ ಡ್ರಿಲ್ಲಿನ ವೇಗ ಕೊಟ್ಟರೆ ಬರ್ ಪಳಗುವ ಮೊದಲು ಬೇರಿಂಗ್ ಪರಲೋಕಕ್ಕೆ ಹೋಗಬಹುದು. ಇನ್ನು ಕೆಲವರು ದುಡ್ಡು ಉಳಿಸೋಕೆ ಕಾಫಿ ಬದಲು ಅಕ್ಕಿ ಹಾಕ್ತಾರೆ. ಹುರಿದ ಕಾಫಿಬೀಜ ಪಟ್ ಅಂತ ಒಡೆಯೋ ಗುಣದ್ದು. ಅಕ್ಕಿಕಾಳು ಹಾಗಲ್ಲ, ಗಟ್ಟಿ. ಅದರ ಹಿಟ್ಟು ಸಂದುಗೊಂದಿಗೆಲ್ಲ ನುಗ್ಗಿ ಕೂರುತ್ತದೆ. ಅಕ್ಕಿ ಹಾಕಬೇಡಿ ಅಂತ ಹಲವು ತಯಾರಕರೇ ಹೇಳ್ತಾರೆ, ಹಾಕಿದರೆ ವಾರಂಟಿಯ ಆಸೆ ಬಿಡಿ. ಹೀಗೆ, ಗ್ರೈಂಡರ್ ಚೆನ್ನಾಗಿರಲಿ ಅಂತ ಶುರುಮಾಡಿದ ಪೂಜೆ ಗ್ರೈಂಡರನ್ನೇ ಬಲಿ ಕೇಳೋ ಹಂತಕ್ಕೆ ಬಂದಿದೆ.

ಇಲ್ಲಿ ಒಬ್ಬರು ಎದ್ದು ಕೇಳಬಹುದು. 'ಅಲ್ಲ ಮಾರಾಯ್ರೆ, ನಿಮ್ಮಜ್ಜಿ ಹೊಸ ಒರಳುಕಲ್ಲು ತಂದಾಗ ತೌಡು ಹಾಕಿ, ಉಪ್ಪು ಹಾಕಿ ರುಬ್ಬಿ ಎಸೀತಿರಲಿಲ್ವಾ? ದೋಸೆ ಹೆಂಚು ಪಳಗಿಸ್ತಿರಲಿಲ್ವಾ? ಅಜ್ಜಿ ಮಾಡಿದರೆ ಸಂಪ್ರದಾಯ, ನಾವು ಮಾಡಿದರೆ ಅವಿವೇಕವಾ?' ಒಳ್ಳೇ ಪ್ರಶ್ನೆ. ಈ ಚರ್ಚೆಯಲ್ಲಿ ನಾನು ಕೇಳಿದ ಅತ್ಯಂತ ಗಟ್ಟಿ ಪ್ರಶ್ನೆಯೂ ಇದೇ. ಹಾಗಾಗಿ ನಿಧಾನವಾಗಿ ಉತ್ತರ ಹೇಳ್ತೀನಿ.

ಹೊಸ ಒರಳಿನಿಂದ ಕಲ್ಲಿನ ಪುಡಿ ಉದುರುತ್ತದೆ. ಅದು ಹಿಟ್ಟಿಗೆ ಸೇರಿದರೆ ಇಡ್ಲಿಯಲ್ಲಿ ಹರಳು ಸಿಗುತ್ತದೆ, ಹಲ್ಲು ಹೋಗುತ್ತದೆ. ಅದಕ್ಕೇ ಮೊದಮೊದಲು ರುಬ್ಬಿದ್ದನ್ನು ತಿನ್ನೋ ಹಾಗೇ ಇರಲಿಲ್ಲ. ತಿನ್ನಲಾಗದ್ದು ಅಂತ ಮೊದಲೇ ಗೊತ್ತಿದ್ದರಿಂದ ಅಜ್ಜಿ ಅದಕ್ಕೆ ಏನು ಹಾಕ್ತಿದ್ದಳು ನೋಡಿ. ತೌಡು. ಕಲ್ಲುಪ್ಪು. ಹೆಚ್ಚೆಂದರೆ ನುಚ್ಚು. ಹಬ್ಬಕ್ಕೆ ತೆಗೆದಿಟ್ಟ ಅಕ್ಕಿಯನ್ನೋ ಉದ್ದಿನಬೇಳೆಯನ್ನೋ ಹಾಕಿ 'ಕಲ್ಲು ಪಳಗಲಿ' ಅಂತ ತಿಪ್ಪೆಗೆ ಸುರಿದಿದ್ದರೆ ತಾತ ಸುಮ್ಮನಿರುತ್ತಿದ್ದನಾ? ಇನ್ನು ಹೆಂಚಿನ ವಿಷಯ. ಎಣ್ಣೆ ಸವರಿ, ಅರ್ಧ ಈರುಳ್ಳಿ ಉಜ್ಜಿ, ಕಾಯಿಸಿ ಆರಿಸಿ, ಎರಡನೇ ದಿನಕ್ಕೆ ದೋಸೆ ಹುಯ್ಯುತ್ತಿದ್ದರು. ಮೊದಲ ಎರಡು ದೋಸೆ ಕಿತ್ತುಬಂದರೆ ಅದನ್ನೂ ಮಕ್ಕಳು ಚಟ್ನಿ ಹಚ್ಚಿಕೊಂಡು ತಿಂದು ಮುಗಿಸುತ್ತಿದ್ದರು. ಹೆಂಚು ಪಳಗಿದ್ದು ದೋಸೆ ಹುಯ್ದೇ, ದೋಸೆ ಎಸೆದಲ್ಲ. ನಿಮ್ಮ ಗ್ರೈಂಡರಿನಿಂದ ಬರೋ ಮೊದಲ ಪುಡಿಯಲ್ಲಿ ಹರಳಿಲ್ಲ. ಕಾರ್ಖಾನೆಯ ಧೂಳು, ಎಣ್ಣೆಯಂಶ ಏನಾದರೂ ಉಳಿದಿದ್ದರೆ ಒಂದೆರಡು ತುಂಬು ಅರೆದು ಚೆಲ್ಲಿ, ಬ್ರಶ್ಶಿನಲ್ಲಿ ಉದುರಿಸಿ. ಐವತ್ತು ಗ್ರಾಂ. ಅದಕ್ಕೆ ನನ್ನ ಅಡ್ಡಿಯಿಲ್ಲ. ಆಮೇಲಿನದ್ದೆಲ್ಲ ಕುಡಿಯೋ ಕಾಫಿ.

ಈಗ ಕುಡಿಯೋ ಕಾಫಿ ಅಂದರೆ ಏನು ಅಂತ ಸ್ವಲ್ಪ ಯೋಚಿಸೋಣ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಬೆಳೆಯೋದು ಕರ್ನಾಟಕದಲ್ಲೇ. ಕೊಡಗು, ಚಿಕ್ಕಮಗಳೂರು, ಹಾಸನ. ವೀಕೆಂಡ್ ಹೋಮ್‌ಸ್ಟೇಗೆ ಅಂತ ನಾವು ಓಡೋ ಜಾಗಗಳೇ. ಗಿಡ ನೆಟ್ಟರೆ ಫಸಲು ಕಾಣೋಕೆ ಮೂರ್ನಾಲ್ಕು ವರ್ಷ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಹೂಮಳೆ ಸರಿಯಾದ ಸಮಯಕ್ಕೆ ಬರಬೇಕು. ಬಾರದಿದ್ದರೆ ಹೂವಿಲ್ಲ, ಹೂವಿಲ್ಲದಿದ್ದರೆ ಹಣ್ಣಿಲ್ಲ. ಅರೇಬಿಕಾ ಗಿಡಕ್ಕೆ ಕಾಂಡಕೊರಕ ಹುಳ ಬಿದ್ದರೆ ಗಿಡವನ್ನೇ ಕಿತ್ತು ಸುಡಬೇಕು. ಇದೆಲ್ಲ ದಾಟಿ ನವೆಂಬರಿನಿಂದ ಕೊಯ್ಲು. ನಮ್ಮ ಬೆಟ್ಟದ ಇಳಿಜಾರಿನಲ್ಲಿ, ಮರಗಳ ನೆರಳಿನಲ್ಲಿ ಹಣ್ಣು ಬಿಡಿಸೋದು ಇವತ್ತಿಗೂ ಕೈಯಿಂದಲೇ. ಒಂದೇ ಗೊಂಚಲಿನಲ್ಲಿ ಹಣ್ಣಾದದ್ದೂ ಕಾಯಿಯೂ ಒಟ್ಟಿಗೇ ಇರುವುದರಿಂದ ಒಂದೇ ಗಿಡಕ್ಕೆ ಎರಡು-ಮೂರು ಸಲ ಕೈಹಾಕಬೇಕು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಆ ಕೆಲಸ ಮಾಡ್ತಿರೋರಲ್ಲಿ ಅಸ್ಸಾಮಿನಿಂದ, ಜಾರ್ಖಂಡಿನಿಂದ ಬಂದವರೂ ಇದ್ದಾರೆ. ಹತ್ತಿರದ ಊರಿನ ಹೆಂಗಸರೂ ಇದ್ದಾರೆ.

ಈಗ ಲೆಕ್ಕ ಹಾಕಿ. ಸುಮಾರು ಆರು ಕೆಜಿ ಹಣ್ಣು ಪಲ್ಪರಿಗೆ ಹೋಗಿ, ತೊಳೆದು, ಕಣದಲ್ಲಿ ಒಣಗಿ, ಸಿಪ್ಪೆ ಕಳಚಿದರೆ ಒಂದು ಕೆಜಿ ಹಸಿಬೀಜ. ಅದನ್ನು ಹುರಿದಾಗ ಮತ್ತೆ ಹದಿನೈದು-ಇಪ್ಪತ್ತು ಪರ್ಸೆಂಟ್ ತೂಕ ಆವಿಯಾಗಿ ಹೋಗುತ್ತದೆ. ಅಂದರೆ ನೀವು ಬುಟ್ಟಿಗೆ ಸುರಿದ ಮೂರು ಕೆಜಿ ಪುಡಿಯ ಹಿಂದೆ ಇಪ್ಪತ್ತು ಕೆಜಿಗಿಂತ ಹೆಚ್ಚು ಹಣ್ಣಿದೆ. ಬಾಬಾ ಬುಡನ್ ಯೆಮನ್ನಿನಿಂದ ಏಳು ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಅನ್ನೋ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೊರಗಿನವರಿಗೆ ಹೇಳ್ತೀವಿ. ಏಳೇ ಏಳು ಬೀಜ. ಮೂರು ಕೆಜಿಯಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಸಾವಿರ ಬೀಜ ಇರುತ್ತವೆ. ಆ ಕಥೆಯನ್ನು ಬಾಯಲ್ಲಿ ಹೇಳುತ್ತಾ ಈ ಇಪ್ಪತ್ತು ಸಾವಿರವನ್ನು ಕೈಯಲ್ಲಿ ಎಸೆಯೋಕೆ ಒಂದು ವಿಶೇಷ ಬಗೆಯ ಮರೆವು ಬೇಕು.

ಸ್ಪೆಷಾಲಿಟಿ ಕಾಫಿ ಅನ್ನೋ ಇಡೀ ಚಳವಳಿ ನಿಂತಿರೋದು ಒಂದೇ ಮಾತಿನ ಮೇಲೆ, ಬೀಜದ ಮೂಲ ಗೊತ್ತಿರಲಿ ಅಂತ. ಪ್ಯಾಕೆಟ್ಟಿನ ಮೇಲೆ ತೋಟದ ಹೆಸರು, ಎಷ್ಟು ಎತ್ತರದಲ್ಲಿ ಬೆಳೆದದ್ದು, ಎಸ್ 795 ತಳಿಯೋ ಮತ್ತೊಂದೋ, ಯಾವ ರೀತಿ ಸಂಸ್ಕರಿಸಿದ್ದು ಎಲ್ಲ ಬರೆದಿರುತ್ತೆ. ನಾವೂ ಅದನ್ನು ಓದಿ, ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ ಕಾಲು ಕೆಜಿಗೆ ಐನೂರು ರೂಪಾಯಿ ಖುಷಿಯಿಂದ ಕೊಡ್ತೀವಿ. ಒಳ್ಳೇದು. ಆದರೆ ಅದೇ ನಾವು 'ಸೀಸನಿಂಗಿಗೆ ಯಾವುದೋ ಅಗ್ಗದ್ದು ಸಾಕು' ಅಂದಾಗ, ಹೆಸರಿಲ್ಲದ ಪ್ಯಾಕೆಟ್ಟಿನ ಬೀಜವನ್ನು ಯಾರೂ ಬೆಳೆದೇ ಇಲ್ಲ ಅನ್ನೋ ಹಾಗೆ ನಡ್ಕೊಳ್ತೀವಿ. ಅಗ್ಗದ ರೋಬಸ್ಟಾ ತಾನಾಗಿ ಗಿಡದಿಂದ ಉದುರಿ, ತಾನೇ ಒಣಗಿ, ತಾನೇ ಹುರಿದುಕೊಂಡು ಅಂಗಡಿಗೆ ಬಂತಾ? ತೋಟದ ಹೆಸರಿದ್ದರೆ ಗೌರವ, ಇಲ್ಲದಿದ್ದರೆ ಕಸ ಅನ್ನೋದಾದರೆ ನಾವು ಮರ್ಯಾದೆ ಕೊಟ್ಟಿದ್ದು ದುಡಿಮೆಗೋ ಲೇಬಲ್ಲಿಗೋ?

'ಎಕ್ಸ್‌ಪೈರಿ ಆದ ಬೀಜ ತಾನೇ ಹಾಕೋದು, ಅದರಲ್ಲೇನು ನಷ್ಟ?' ಅನ್ನೋರಿದ್ದಾರೆ. ಬೂಸ್ಟು ಹಿಡಿದದ್ದು, ಎಣ್ಣೆ ಕಮಟಿದ್ದು ಇದ್ದರೆ ಹಾಕಿ, ನನ್ನದೇನೂ ಹೋಗಲ್ಲ. ಆದರೆ ಎಸ್‌ಪ್ರೆಸೊಗೆ ಹಳತಾದ ಬೀಜವೆಲ್ಲ ಕಾಫಿಗೇ ಹಳತಲ್ಲ. ಎರಡು-ಮೂರು ತಿಂಗಳ ಹಿಂದೆ ಹುರಿದದ್ದರಲ್ಲಿ ನೊರೆ ಕಟ್ಟದೇ ಇರಬಹುದು. ಅದೇ ಪುಡಿಗೆ ಒಂದಿಷ್ಟು ಚಿಕೋರಿ ಬೆರೆಸಿ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ಕಾಯಿಸಿದ ಹಾಲು ಹಾಕಿದರೆ ಮನೆಗೆ ಬಂದವರು ಇನ್ನರ್ಧ ಲೋಟ ಕೇಳ್ತಾರೆ. 'ಗಿಡಕ್ಕೆ ಗೊಬ್ಬರ ಮಾಡ್ತೀವಿ' ಅನ್ನೋರು ಇನ್ನೊಂದು ಗುಂಪು. ಗೊಬ್ಬರಕ್ಕೆ ಡಿಕಾಕ್ಷನ್ ಇಳಿಸಿ ಉಳಿದ ಚರಟವೇ ಸಾಕು. ಗುಲಾಬಿ ಗಿಡಕ್ಕೆ ಫಸ್ಟ್ ಡಿಕಾಕ್ಷನ್ನೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ.

ಸರಿ, ರುಚಿಯ ವಿಷಯಕ್ಕೆ ಬರೋಣ. ಯಾಕೆಂದರೆ ಕೊನೆಗೆ ಎಲ್ಲರೂ ಹೇಳೋದು 'ಪಳಗದ ಗ್ರೈಂಡರಿನಲ್ಲಿ ಎಸ್‌ಪ್ರೆಸೊ ಚೆನ್ನಾಗಿ ಬರಲ್ಲ' ಅಂತ. ಹೊಸದಾಗಿ ಎಸ್‌ಪ್ರೆಸೊ ಕಲೀತಿರೋನ ಕಪ್ಪು ಕೆಡೋಕೆ ಇರೋ ಕಾರಣಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ನಿನ್ನೆ ತಾನೇ ಹುರಿದ ಬೀಜ ಇನ್ನೂ ಗ್ಯಾಸ್ ಬಿಡುತ್ತಿರುತ್ತೆ, ಒಂದೆರಡು ವಾರ ತಡೆಯೋ ತಾಳ್ಮೆ ಇಲ್ಲ. ಬೋರ್‌ವೆಲ್ಲಿನ ಗಡಸು ನೀರು, ಅಥವಾ ಅದರ ತದ್ವಿರುದ್ಧವಾಗಿ ಖನಿಜವೆಲ್ಲ ಸೋಸಿ ತೆಗೆದ ಆರ್‌ಒ ನೀರು. ತಕ್ಕಡಿ ಇಲ್ಲದೆ ಚಮಚದ ಅಂದಾಜು. ಪುಡಿಯನ್ನು ಬಾಸ್ಕೆಟ್ಟಿನಲ್ಲಿ ಸಮನಾಗಿ ಹರಡದೆ ಒಂದು ಕಡೆ ಗುಡ್ಡ ಮಾಡಿ ಒತ್ತೋದು, ಆಮೇಲೆ ನೀರು ಸಡಿಲ ಇದ್ದ ಕಡೆ ದಾರಿ ಮಾಡಿಕೊಂಡು ಹೋಗೋದು. ಮಿಷನ್ ಪೂರ್ತಿ ಕಾಯುವ ಮೊದಲೇ ಶಾಟ್ ಎಳೆಯೋದು. ಈ ಇಷ್ಟೂ ಜನ ಆರೋಪಿಗಳನ್ನು ಬಿಟ್ಟು, ಮೈಕ್ರಾನ್ ಲೆಕ್ಕದ ಒರಟುತನ ಇರೋ ಆ ಬಡಪಾಯಿ ಬರ್ರನ್ನು ಹಿಡಿದು ಜೈಲಿಗೆ ಹಾಕ್ತೀವಿ. ಯಾಕೆಂದರೆ ಅದನ್ನು ಸರಿಮಾಡೋಕೆ ಕಲಿಯಬೇಕಾದ್ದು ಏನೂ ಇಲ್ಲ. ಹಿಡಿ ತಿರುಗಿಸಿದರೆ ಸಾಕು.

ವಿಜ್ಞಾನದ ಹೆಸರು ಹೇಳೋರಿಗೂ ಎರಡು ಮಾತು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಅನ್ನೋ ರಸಾಯನ ವಿಜ್ಞಾನಿ ಮತ್ತು ಅವರ ಜೊತೆಗಾರರು 2020ರಲ್ಲಿ 'ಮ್ಯಾಟರ್' ಪತ್ರಿಕೆಯಲ್ಲಿ ಎಸ್‌ಪ್ರೆಸೊ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಪುಡಿ ತೀರಾ ಸಣ್ಣಗಾದರೆ ನೀರು ಎಲ್ಲ ಕಡೆ ಸಮನಾಗಿ ಹರಿಯಲ್ಲ, ಅದರಿಂದ ಒಂದು ಶಾಟಿನಂತೆ ಇನ್ನೊಂದು ಬರಲ್ಲ. ಹಾಗಾಗಿ ಸ್ವಲ್ಪ ದಪ್ಪ ಅರೆದು, 20 ಗ್ರಾಂ ಬದಲು 15 ಗ್ರಾಂ ಹಾಕಿದರೆ ಕಾಫಿ ಕಡಿಮೆ ಸಾಕು, ಫಲಿತಾಂಶವೂ ಸ್ಥಿರ ಅಂತ ಅವರ ವಾದ. 2023ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು. ಅರೆಯುವ ಮೊದಲು ಬೀಜಕ್ಕೆ ಒಂಚೂರು ನೀರು ಸವರಿದರೆ ಅರೆಯುವಾಗ ಹುಟ್ಟೋ ಸ್ಥಾಯೀ ವಿದ್ಯುತ್ತು ಕಡಿಮೆಯಾಗಿ, ಪುಡಿ ಗಂಟುಕಟ್ಟೋದು ತಗ್ಗುತ್ತದೆ, ಎಸ್‌ಪ್ರೆಸೊ ಇನ್ನೂ ಗಟ್ಟಿಯಾಗಿ, ಒಂದೇ ಸಮ ಇಳಿಯುತ್ತದೆ ಅಂತ. ಗಮನಿಸಿ, ಒಂದು ಸಲಹೆ ಐದು ಗ್ರಾಂ ಉಳಿಸು ಅನ್ನುತ್ತೆ, ಇನ್ನೊಂದು ಒಂದು ಹನಿ ನೀರು ಹಾಕು ಅನ್ನುತ್ತೆ. ಎರಡಕ್ಕೂ ಖರ್ಚಿಲ್ಲ, ಎರಡರಲ್ಲೂ ಕಸ ಇಲ್ಲ. ಮೂರು ಕೆಜಿ ಎಸೆಯೋ ಮೊದಲು ಈ ಒಂದು ಹನಿಯನ್ನು ಎಷ್ಟು ಜನ ಪ್ರಯತ್ನಿಸಿದ್ದಾರೆ?

ಬೈದಿದ್ದು ಸಾಕು, ಮಾಡಬೇಕಾದ್ದೇನು ಅಂತ ಕೇಳ್ತೀರಾ? ನಾನು ಮಾಡಿದ್ದನ್ನೇ ಹೇಳ್ತೀನಿ. ಗ್ರೈಂಡರ್ ಬಂದ ಮೊದಲ ಎರಡೂವರೆ ತಿಂಗಳು ಅದಕ್ಕೆ ನಮ್ಮನೆಯ ಫಿಲ್ಟರ್ ಕಾಫಿಯ ಕೆಲಸ ಕೊಟ್ಟೆ. ಫಿಲ್ಟರಿನ ಪುಡಿ ಎಸ್‌ಪ್ರೆಸೊ ಪುಡಿಗಿಂತ ತುಸು ದಪ್ಪ, ಅಷ್ಟೇ. ಬರ್ರಿಗೆ ಉಜ್ಜಾಟ ಚೆನ್ನಾಗಿಯೇ ಸಿಗುತ್ತದೆ. ಡಿಕಾಕ್ಷನ್ನು ಎಸ್‌ಪ್ರೆಸೊ ಥರ ಮುಂಗೋಪಿ ಅಲ್ಲ. ಒಂದೆರಡು ಕ್ಲಿಕ್ ಅತ್ತಿತ್ತ ಆದರೂ ಕ್ಷಮಿಸುತ್ತದೆ. ಪೀಬೆರಿ ತಂದು ಅರೆದು, ಚಿಕೋರಿ ಬೇಕಾದವರಿಗೆ ಆಮೇಲೆ ಬೆರೆಸೋದು. ಚಿಕೋರಿಯನ್ನು ಮಾತ್ರ ಗ್ರೈಂಡರಿಗೆ ಹಾಕೋಕೆ ಹೋಗಬೇಡಿ. ದಿನಕ್ಕೆ 40 ಗ್ರಾಂ ಅಂದರೆ ಮೂರು ಕೆಜಿಗೆ 75 ದಿನ. ನಡುನಡುವೆ ಭಾನುವಾರ ಒಂದು ಎಸ್‌ಪ್ರೆಸೊ ಎಳೆದು, ಯಾವ ಸೆಟ್ಟಿಂಗಿನಲ್ಲಿ ಎಷ್ಟು ಸೆಕೆಂಡ್ ತಗೊಂಡಿತು ಅಂತ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟೆ. ಮೊದಲ ವಾರಕ್ಕೂ ಹತ್ತನೇ ವಾರಕ್ಕೂ ಸೆಟ್ಟಿಂಗ್ ಮೂರು ಕ್ಲಿಕ್ ಸರಿದಿತ್ತು. ಮೂರು ಕ್ಲಿಕ್. ಬೆರಳಿನಿಂದ ತಿರುಗಿಸಿದರೆ ಎರಡು ಸೆಕೆಂಡಿನ ಕೆಲಸ. ಈ ಎರಡು ಸೆಕೆಂಡ್ ತಪ್ಪಿಸೋಕೆ ಜನ ಮೂರು ಕೆಜಿ ಕಾಫಿ ಸುಡುಗಾಡಿಗೆ ಕಳಿಸ್ತಿದ್ದಾರೆ.

ಆ ಪುಸ್ತಕದಿಂದ ಇನ್ನೊಂದು ಲಾಭವೂ ಆಯಿತು. ಹುಳಿ ಬಂದರೆ ಯಾವ ಕಡೆ ತಿರುಗಿಸಬೇಕು, ಕಹಿ ಬಂದರೆ ಯಾವ ಕಡೆ, ಮಳೆಗಾಲದಲ್ಲಿ ಅದೇ ಬೀಜ ಹೇಗೆ ಬೇರೆ ಥರ ನಡೆದುಕೊಳ್ಳುತ್ತೆ, ಎರಡು ವಾರ ಹಳತಾದಾಗ ಎಷ್ಟು ಕ್ಲಿಕ್ ಬಿಗಿ ಮಾಡಬೇಕು, ಇದೆಲ್ಲ ಕೈಗೆ ಬಂತು. ಒಂದೇ ಮಧ್ಯಾಹ್ನ ಮೂರು ಕೆಜಿ ಅರೆದು ಮುಗಿಸಿದವನ ಗ್ರೈಂಡರ್ ನನ್ನದಕ್ಕಿಂತ ಎರಡೂವರೆ ತಿಂಗಳು ಮೊದಲು ಪಳಗಿರಬಹುದು, ಒಪ್ಪಿದೆ. ಆದರೆ ಅವನ ಕೈ ಪಳಗಿರಲ್ಲ, ನಾಲಿಗೆ ಪಳಗಿರಲ್ಲ. ಪಳಗಿದ ಗ್ರೈಂಡರ್ ಎದುರಿಗೆ ಪಳಗದ ಮನುಷ್ಯ ಕೂತರೆ ಬರೋ ಕಾಫಿ ಯಾವ ಥರದ್ದು ಅಂತ ನಿಮಗೇ ಗೊತ್ತು.

ನನಗೆ ಸಿಟ್ಟು ಬರೋದು ನಿಜವಾಗಿ ಇಲ್ಲಿ. ಕೈ ಗ್ರೈಂಡರ್ ಯಾಕೆ ಕೊಂಡುಕೊಂಡ್ವಿ ಅಂತ ನೆನಪು ಮಾಡ್ಕೊಳ್ಳಿ. ಬಟನ್ ಒತ್ತಿದರೆ ಬರೋ ಮಿಷನ್ ಕಾಫಿ ಆಫೀಸಿನಲ್ಲಿ ಸಾಕಾಗಿತ್ತು. ಬೆಳಗ್ಗೆ ಮೊದಲ ಮೀಟಿಂಗಿಗೆ ಮುಂಚೆ ಐದು ನಿಮಿಷ ನಮ್ಮ ಕೈಯಿಂದಲೇ ಏನೋ ಒಂದು ಆಗಲಿ, ನಿಧಾನವಾಗಿ ಆಗಲಿ ಅಂತ ತಗೊಂಡ್ವಿ. ಹಾಗೆ ನಿಧಾನಕ್ಕೆ ಅಂತ ತಂದ ವಸ್ತುವಿನ ಮೇಲೂ ಮೊದಲ ದಿನವೇ ಡೆಡ್‌ಲೈನ್ ಹೇರಿದ್ವಿ. ಹೊಸದಾಗಿ ಸೇರಿದ ಹುಡುಗನಿಗೆ ಮೊದಲ ವಾರವೇ 'ಪ್ರೊಡಕ್ಟಿವ್' ಆಗು ಅಂತ ಮ್ಯಾನೇಜರ್ ತಲೆತಿಂದರೆ ಸಂಜೆ ಬಿಯರ್ ಹೀರುತ್ತಾ ಅವನನ್ನು ಬೈತೀವಲ್ಲ, ಮನೆಗೆ ಬಂದು ಗ್ರೈಂಡರಿಗೆ ನಾವು ಮಾಡಿದ್ದೂ ಅದನ್ನೇ. ಕಲಿಯೋ ಕಾಲಕ್ಕೆ ನಮ್ಮಲ್ಲಿ ಬೆಲೆಯೇ ಇಲ್ಲ. ಕಲಿತು ಮುಗಿದ ಸ್ಥಿತಿ ಡಬ್ಬದಲ್ಲಿ ಪ್ಯಾಕ್ ಆಗಿ ಬರಬೇಕು. ಬಾರದಿದ್ದರೆ ದುಡ್ಡು ಸುರಿದಾದರೂ ಅದನ್ನು ತಕ್ಷಣ ತರಿಸಬೇಕು.

ಹಳೇ ಮೈಸೂರಿನ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಟೇಬಲ್ಲಿನ ಅಂಚಿಗೋ ಹಲಗೆಗೋ ಬಿಗಿದ ಎರಕದ ಕಬ್ಬಿಣದ ಕಾಫಿ ಮಿಷನ್ ಇರುತ್ತಿತ್ತು. ಮನೆಯಲ್ಲೇ ಬೀಜ ಹುರಿದು ಅದರಲ್ಲಿ ಅರೆಯೋದು, ಹಿಡಿ ತಿರುಗಿಸೋ ಸರದಿ ಮಕ್ಕಳದ್ದು. ಅದು ಯಾವತ್ತು ಪಳಗಿತು ಅಂತ ಯಾರೂ ತಾರೀಖು ಬರೆದಿಡಲಿಲ್ಲ. ಕಾಫಿ ಕುಡೀತಾ ಕುಡೀತಾ ಅದು ಪಳಗಿತು, ಅರೆದೂ ಅರೆದೂ ಮಕ್ಕಳ ಕೈಗೆ ಹದ ಸಿಕ್ಕಿತು. ಒಳ್ಳೇ ಉಕ್ಕಿನ ಬರ್ ನೂರಾರು ಕೆಜಿ ಕಾಫಿ ಅರೆಯೋಕೆ ಅಂತಲೇ ಮಾಡಿದ್ದು. ನಿಮ್ಮ ಮನೆಯ ಲೆಕ್ಕದಲ್ಲಿ ಅದು ಹತ್ತಾರು ವರ್ಷ. ಅಷ್ಟು ದೀರ್ಘ ಸಂಸಾರ ಮಾಡಬೇಕಾದವರು ಮೊದಲ ಮೂರು ತಿಂಗಳ ಪರಿಚಯದ ದಿನಗಳನ್ನು ಕಸದ ಗಾಡಿಗೆ ಹಾಕಬೇಕಾ?

ಹಾಗಾಗಿ ನನ್ನ ಕೋರಿಕೆ ಸಣ್ಣದು. ಹೊಸ ಗ್ರೈಂಡರ್ ಮನೆಗೆ ಬಂದ ದಿನವೇ ಅದರಲ್ಲಿ ಕಾಫಿ ಮಾಡಿ ಕುಡೀರಿ. ಚೆನ್ನಾಗಿ ಬರದೇ ಇದ್ದರೆ ಒಂದು ಕ್ಲಿಕ್ ತಿರುಗಿಸಿ ನಾಳೆ ಮತ್ತೆ ಮಾಡಿ. ಆಗಲೂ ಬರದಿದ್ದರೆ ಹಾಲು ಹಾಕಿ. ಅರೆಯಲೇಬೇಕು ಅಂತ ಕೈ ತುರಿಸಿದರೆ ಅಕ್ಕಪಕ್ಕದ ಮನೆಯವರಿಗೆ, ಸೆಕ್ಯುರಿಟಿ ಅಣ್ಣನಿಗೆ, ಊರಿಂದ ಬಂದ ಅಮ್ಮನಿಗೆ ಅರೆದುಕೊಡಿ. ಗ್ರೈಂಡರ್ ಇನ್ನೂ ಬೇಗ ಪಳಗುತ್ತದೆ, ನಾಲ್ಕು ಜನ ನಿಮ್ಮ ಹೆಸರು ಹೇಳಿ ಕುಡೀತಾರೆ. ಬುಟ್ಟಿಗೆ ಮಾತ್ರ ಸುರೀಬೇಡಿ. ಅದಕ್ಕೆ ಕಾಫಿಯ ರುಚಿ ಗೊತ್ತಿಲ್ಲ.